ತಮ್ಮನ ಹೆಬ್ಬೆರಳು ಮತ್ತು ಮೂರು ಜೀವದ ಆಟ

ನಿವೃತ್ತಿಯಾದ ಎರಡನೆಯ ವರ್ಷ ನಾನು ಚಿಂತಾಮಣಿಯ ಮನೆಗೆ ಬೀಗ ಹಾಕಿ ಶಿಡ್ಲಘಟ್ಟಕ್ಕೆ ಬಂದೆ. ಒಂದು ತಿಂಗಳ ಮಟ್ಟಿಗೆ ಎಂದುಕೊಂಡು ಬಂದವಳು ಎಂಟು ತಿಂಗಳು ಅಲ್ಲೇ ಉಳಿದೆ. ಕಾರಣ ನನ್ನ ತಮ್ಮನ ಬಲಗೈ.

ಯುಗಾದಿ ಕಳೆದ ವಾರ, ಬೆಳಿಗ್ಗೆ ಹಲ್ಲುಜ್ಜುವಾಗ ಅವನ ಕೈಯಿಂದ ಬ್ರಷ್ ಜಾರಿ ಬಿತ್ತಂತೆ. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಲಕ್ವ ಹೊಡೆದಿತ್ತು. ಅವನ ಹೆಂಡತಿ ಗಾಬರಿಯಾಗದೆ ತಕ್ಷಣ ಆಟೋ ಕರೆಸಿದ್ದರಿಂದ ಕಾಲು ಉಳಿಯಿತು, ಮಾತೂ ಉಳಿಯಿತು. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಬೇರೆಯವರ ಕೈಯ ಹಾಗೆ ತೂಗಾಡುತ್ತಿತ್ತು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದವಳು. ಮೊದಲು ಗೌರಿಬಿದನೂರು, ಆಮೇಲೆ ಚಿಂತಾಮಣಿ. ತರಬೇತಿಯ ಕಾಲದಲ್ಲಿ ನಮಗೆ ಬೆಳಿಗ್ಗೆ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿದ್ದರು. ಹಾಸಿಗೆಯ ಮೂಲೆ ಸರಿಯಾಗಿ ಮಡಚಿರದಿದ್ದರೆ ಮೇಟ್ರನ್ ಇಡೀ ಹಾಸಿಗೆಯನ್ನೇ ಎಳೆದು ನೆಲಕ್ಕೆ ಹಾಕುತ್ತಿದ್ದರು. ಮತ್ತೆ ಮೊದಲಿನಿಂದ ಹಾಸಬೇಕು. ಡ್ರೆಸ್ಸಿಂಗ್ ಟ್ರೇ ಸಿದ್ಧ ಮಾಡುವಾಗ ಸೀರೆಯ ಸೆರಗು ಒಂದು ಚಿಮಟಕ್ಕೆ ತಾಗಿದರೂ ಇಡೀ ಟ್ರೇ ಮತ್ತೆ ಕುದಿಸಬೇಕು. ಅದು ಕಠಿಣ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ತಪ್ಪಾದರೆ ಮೊದಲಿನಿಂದ ಶುರು ಮಾಡುವುದು ನನ್ನ ಮೈಗೆ ಹತ್ತಿದ ಅಭ್ಯಾಸ. ಇದನ್ನು ಈಗಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಜಗಳಕ್ಕೆಲ್ಲ ಇದೇ ಮೂಲ.

ನನ್ನ ತಮ್ಮ ರೇಷ್ಮೆ ನೂಲು ಬಿಚ್ಚುವವನು. ಅವನೂ ಪಕ್ಕದ ಬೀದಿಯ ಭಾಯಿಯೂ ಸೇರಿ ಒಂದು ಶೆಡ್ಡಿನಲ್ಲಿ ಚರಕ ಇಟ್ಟುಕೊಂಡಿದ್ದರು. ಚರಕಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರ ತಿರುಗಿಸುತ್ತಾರೆ. ಇನ್ನೊಬ್ಬರು ಬಿಸಿನೀರಿನ ಬಾಣಲೆಯ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಸೇರಿಸಿ ಒಂದು ನೂಲು ಮಾಡಿ ಚಕ್ರಕ್ಕೆ ಕೊಡುತ್ತಾರೆ. ಒಂದು ಗೂಡು ಮುಗಿದ ಕ್ಷಣದಲ್ಲೇ ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಹೊಸ ಎಳೆಯನ್ನು ಓಡುತ್ತಿರುವ ನೂಲಿಗೆ ಚಿಮ್ಮಿಸಬೇಕು. ಚಕ್ರ ನಿಲ್ಲುವಂತಿಲ್ಲ. ಭಾಯಿ ಇಪ್ಪತ್ತೆರಡು ವರ್ಷ ಚಕ್ರ ತಿರುಗಿಸಿದರು. ತಮ್ಮ ಇಪ್ಪತ್ತೆರಡು ವರ್ಷ ಎಳೆ ಕೊಟ್ಟ.

ತಮ್ಮ ಮಲಗಿದ ಮೇಲೆ ಬಾಣಲೆಯ ಮುಂದೆ ಮೂರನೇ ಬೀದಿಯ ಒಬ್ಬ ಹೆಂಗಸು ಕೂತಳು. ಕೆಲಸ ಬಲ್ಲವಳು. ಆದರೆ ಅವಳನ್ನು ಬೇರೆ ಶೆಡ್ಡಿನವರೂ ಕರೆಯುತ್ತಿದ್ದರು. ಈ ಜಾಗ ಕಾಯಂ ಆದರೆ ಇಲ್ಲೇ ಇರುತ್ತೇನೆ, ಇಲ್ಲದಿದ್ದರೆ ದೀಪಾವಳಿಗೆ ಹೋಗುತ್ತೇನೆ ಎಂದು ಅವಳು ಭಾಯಿಗೆ ಹೇಳಿದ್ದಳು. ಅವಳು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಭಾಯಿ ಉತ್ತರ ಕೊಟ್ಟಿರಲಿಲ್ಲ. ದೀಪಾವಳಿಯೊಳಗೆ ತಮ್ಮನ ಬಲಗೈ ಬೆರಳು ಎಳೆ ಹಿಡಿಯಬೇಕು, ಇಲ್ಲವಾದರೆ ಆ ಜಾಗ ಅವನದಲ್ಲ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಚಿಕ್ಕಬಳ್ಳಾಪುರದ ಫಿಸಿಯೋಥೆರಪಿಯ ಡಾಕ್ಟರಮ್ಮ ಮೆತ್ತನೆಯ ಚೆಂಡು ಹಿಸುಕಲು ಹೇಳಿದ್ದರು. ತಮ್ಮ ಎರಡು ದಿನ ಹಿಸುಕಿ, ಮೂರನೆಯ ದಿನ ಚೆಂಡನ್ನು ಬೀದಿಯ ನಾಯಿಗೆ ಎಸೆದ.

"ಅಕ್ಕಾ, ಇದನ್ನ ಇಸುಕಿ ಏನು ಬರುತ್ತೆ? ಹಾಲಾ?"

ಆ ಹೊತ್ತಿಗೆ ಮನೆಗೆ ಒಂದು ವಿಡಿಯೋ ಗೇಮ್ ಬಂದಿತ್ತು. ಬೇಸಿಗೆ ರಜಕ್ಕೆ ಗೌರಿಬಿದನೂರಿನಿಂದ ಬಂದಿದ್ದ ತಮ್ಮನ ಮಗಳು, ಮಕ್ಕಳು ಓದುವುದಿಲ್ಲವೆಂದು ಅದನ್ನು ಇಲ್ಲೇ ಬಿಟ್ಟು ಹೋಗಿದ್ದಳು. ಟಿವಿಗೆ ಸಿಕ್ಕಿಸುವ ಒಂದು ಡಬ್ಬಿ, ಹಳದಿ ಕ್ಯಾಸೆಟ್ಟು, ವೈರು ಸುತ್ತಿದ ರಿಮೋಟು. ಎರಡು ರಿಮೋಟು ಇದ್ದದ್ದರಲ್ಲಿ ಒಂದನ್ನು ಮಕ್ಕಳು ಮುರಿದಿದ್ದರು. ರಿಮೋಟಿನ ಎಡಗಡೆ ಹಿಂದೆ ಮುಂದೆ ನಡೆಸುವ ಬಾಣದ ಗುರುತಿನ ಬಟನ್ನು. ಬಲಗಡೆ ಎರಡು ಕೆಂಪು ಬಟನ್ನು, ಬಲಗೈಯ ಹೆಬ್ಬೆರಳಿಗೆ. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದ ಕೂಡಲೇ ವಿಷಯ ಹೊಳೆಯಿತು. ಮುಂದಿನ ಸಲ ಚಿಕ್ಕಬಳ್ಳಾಪುರಕ್ಕೆ ಹೋದಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ನಕ್ಕರು, ಒತ್ತಿ ನೋಡಿದರು, "ಆಡಲಿ ಸಿಸ್ಟರ್, ಹೆಬ್ಬೆರಳು ಎಷ್ಟು ಅಲ್ಲಾಡಿದರೂ ಒಳ್ಳೆಯದೇ" ಎಂದರು.

ಅಂದಿನಿಂದ ಸಂಜೆ ನಾಲ್ಕರಿಂದ ನಾಲ್ಕೂವರೆ ಆಟದ ಸಮಯ ಎಂದು ಗೊತ್ತು ಮಾಡಿದೆ. ಗೋಡೆಗೆ ಒಂದು ಹಾಳೆ ಅಂಟಿಸಿದೆ. ತಾರೀಕು, ಎಷ್ಟನೆಯ ಹಂತ, ಎಷ್ಟು ಪಾಯಿಂಟು. ವಾರ್ಡಿನಲ್ಲಿ ಜ್ವರದ ಚಾರ್ಟ್ ಹಾಕುತ್ತಿದ್ದ ಹಾಗೆಯೇ.

ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಇದೆಯೆಂದು ಬರೆದಿತ್ತು. ನಾನು ಎರಡು ದಿನ ಕೂತು ಒಂದೊಂದನ್ನೂ ತೆರೆದು ಪಟ್ಟಿ ಮಾಡಿದೆ. ಮೊದಲ ಪುಟಗಳಲ್ಲಿದ್ದ ಕೆಲವೇ ಆಟಗಳನ್ನು ಹೆಸರು ಬದಲಾಯಿಸಿ ಮತ್ತೆ ಮತ್ತೆ ಹಾಕಿದ್ದರು. ಅದರಲ್ಲಿ ನಾನು ಆರಿಸಿದ್ದು, ಬೆನ್ನಿಗೆ ಮೂಟೆ ಕಟ್ಟಿಕೊಂಡ ಪುಟ್ಟ ಮನುಷ್ಯನೊಬ್ಬ ಓಡುವ ಆಟ. ದಾರಿಯಲ್ಲಿ ಹಳ್ಳ ಬರುತ್ತದೆ, ಉರುಳುವ ಬಂಡೆ ಬರುತ್ತದೆ, ತೂಗುವ ಹಲಗೆ ಬರುತ್ತದೆ. ಬಟನ್ ಒತ್ತಿದರೆ ಎಗರುತ್ತಾನೆ. ಮೂರು ಜೀವ. ಮೂರೂ ಹೋದರೆ ಮೊದಲ ಹಂತದಿಂದ ಶುರು. ಮೇಲ್ಗಡೆ ಮೂಲೆಯಲ್ಲಿ ಒಂದು ಗಡಿಯಾರ ಇಳಿಯುತ್ತಾ ಬರುತ್ತದೆ. ಅದು ಸೊನ್ನೆಗೆ ಬಂದರೂ ಒಂದು ಜೀವ ಹೋಗುತ್ತದೆ. ನನಗೆ ಅದರ ಶಿಸ್ತು ಹಿಡಿಸಿತು.

ತಮ್ಮನಿಗೆ ಹಿಡಿಸಲಿಲ್ಲ. ಮೊದಲ ವಾರ ಅವನು ಮೂರನೆಯ ಹಳ್ಳ ದಾಟಲಿಲ್ಲ. ಹೆಬ್ಬೆರಳಿಗೆ ಹೇಳಿದ ಮಾತು ಹೆಬ್ಬೆರಳಿಗೆ ತಲುಪುವಷ್ಟರಲ್ಲಿ ಆ ಮನುಷ್ಯ ಹಳ್ಳದೊಳಗಿರುತ್ತಿದ್ದ.

"ಪೋಯಿಂದಿ!" ಎಂದು ತಮ್ಮ ಕೂಗುತ್ತಿದ್ದ. ಮನೆಯಲ್ಲಿ ಕನ್ನಡವಾದರೂ ಸಿಟ್ಟು ಬಂದಾಗ ಅವನಿಗೆ ತೆಲುಗೇ ಬರುವುದು.

"ಗಯಾ ರೇ," ಎಂದು ಪಕ್ಕದಲ್ಲಿ ಕೂತ ಭಾಯಿ ನಿಟ್ಟುಸಿರು ಬಿಡುತ್ತಿದ್ದರು. ನಾಲ್ಕು ಗಂಟೆಗೆ ಸರಿಯಾಗಿ ಶೆಡ್ಡಿನಿಂದ ಬಂದು ಚಾಪೆಯ ಮೇಲೆ ಕೂರುವುದು ಅವರೂ ರೂಢಿ ಮಾಡಿಕೊಂಡಿದ್ದರು.

"ಹೋಯ್ತಾ?" ಎಂದು ಅಡಿಗೆಮನೆಯಿಂದ ತಮ್ಮನ ಹೆಂಡತಿ. ಒಂದೇ ಸಾವಿಗೆ ಮೂರು ಭಾಷೆ.

ತಮ್ಮನಿಗೆ ಆಟದ ಬಗ್ಗೆ ಅಭಿಪ್ರಾಯಗಳು ಹುಟ್ಟಿಕೊಂಡವು. ಆಟ ಬಾರದವನಿಗೆ ಅಭಿಪ್ರಾಯ ಜಾಸ್ತಿ ಎಂದು ನಾನು ಹೇಳಿದರೆ ಇನ್ನೂ ಜಾಸ್ತಿಯಾದವು.

"ಈ ಆಟ ಮಾಡ್ದೋನು ಯಾವನೋ ಕೆಲ್ಸ ಮಾಡಿ ಗೊತ್ತಿಲ್ದೋನು ಕಣಕ್ಕಾ. ನೂಲು ಕಡೀತು ಅಂತ ಇಟ್ಕೊ. ನಾವೇನ್ಮಾಡ್ತೀವಿ? ಕಡಿದ ಕಡೆ ಗಂಟಾಕಿ ಮುಂದ್ಕೆ ಹೋಗ್ತೀವಿ. ಚಕ್ರದಾಗಿರೋದೆಲ್ಲ ಬಿಚ್ಚಿ, ಮೊದ್ಲಿಂದ ಸುತ್ತು ಅಂತ ಯಾವನಾದ್ರೂ ಹೇಳ್ತಾನಾ?"

"ಟ್ರೇಗೆ ಸೆರಗು ತಾಗಿದ್ರೆ ನಾವು ಮೊದಲಿನಿಂದಲೇ ಮಾಡ್ತಿದ್ವಿ," ಎಂದೆ.

"ಅದ್ಕೇ ನಿಮ್ಮ ಆಸ್ಪತ್ರೇಲಿ ಜನ ಕಾದೂ ಕಾದೂ ಸಾಯ್ತಿದ್ರು."

ಭಾಯಿ ಗಹಗಹಿಸಿ ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಸಿಸ್ಟರಮ್ಮ, ತಪ್ಪು ತಿಳ್ಕೊಬೇಡಿ. ಆದ್ರೆ ಅಣ್ಣ ಹೇಳೋದು ನ್ಯಾಯ ಐತೆ. ಮೊದ್ಲ ಎರಡು ಹಳ್ಳ ಬಂದೋಯ್ತಲ್ಲ, ಮತ್ತೆ ಅದನ್ನೇ ಯಾಕೆ ಪರೀಕ್ಷೆ? ಮೂರನೇದರ ಮುಂದೆ ನಿಲ್ಸಿ ಅದನ್ನೇ ಹತ್ತು ಸಲ ಮಾಡ್ಸಿದ್ರೆ ಆಯ್ತಪ್ಪ" ಎಂದರು.

ಭಾಯಿಗೆ ಬಂಡೆಗಳ ಬಗ್ಗೆಯೂ ತಕರಾರಿತ್ತು. ಹಳ್ಳ ನೇರ ಮನುಷ್ಯನಂತೆ, ದೂರದಿಂದಲೇ ಕಾಣುತ್ತದೆ. ಬಂಡೆ ಮೋಸಗಾರ, ಪರದೆಯ ಆಚೆಯಿಂದ ಹೇಳದೆ ಕೇಳದೆ ಬರುತ್ತದೆ. ಬಿದ್ದರೆ ನನ್ನ ತಪ್ಪು ಅನ್ನಿಸಬೇಕು, ಆಟದ ತಪ್ಪು ಅನ್ನಿಸಬಾರದು ಎಂದು ಅವರ ವಾದ. ಕರೆಂಟು ಹೋದಾಗ ಮಾತ್ರ ನಾವು ಮೂವರೂ ಒಂದೇ ಪಕ್ಷ. ನಾಲ್ಕೂ ಇಪ್ಪತ್ತಕ್ಕೆ ಟಿವಿ ಕಪ್ಪಾಗಿ, ಬಂದಷ್ಟೂ ದೂರ ಅಳಿಸಿಹೋದರೆ ಮೂರು ಜನವೂ ಕರೆಂಟಿನವರನ್ನು ಬಯ್ಯುತ್ತಿದ್ದೆವು.

ಇಲ್ಲಿ ನನ್ನದೊಂದು ತಪ್ಪನ್ನು ಬರೆಯಬೇಕು. ಪಟ್ಟಿ ಮಾಡುವಾಗ ನಾನೊಂದು ಕಂಡುಕೊಂಡಿದ್ದೆ. ಕ್ಯಾಸೆಟ್ಟಿನ ಹಿಂದಿನ ಪುಟಗಳಲ್ಲಿ ಇದೇ ಆಟ ಇನ್ನೆರಡು ಕಡೆ ಇತ್ತು. ಒಂದರಲ್ಲಿ ಮೂರರ ಬದಲು ಮೂವತ್ತು ಜೀವ. ಇನ್ನೊಂದರಲ್ಲಿ ಆಟ ಶುರುವಾಗುವುದೇ ಎರಡನೆಯ ಹಂತದಿಂದ, ಮೂರೂ ಜೀವ ಹೋದರೆ ಮತ್ತೆ ಎರಡನೆಯದಕ್ಕೇ ಬರುತ್ತದೆ. ನಾನು ಆ ಎರಡು ಸಾಲನ್ನು ಪಟ್ಟಿಯಿಂದ ಬಿಟ್ಟೆ. ರೋಗಿಗೆ ಸಲೀಸು ತೋರಿಸಿದರೆ ಕೈ ಸೋಮಾರಿಯಾಗುತ್ತದೆ ಎಂದು ನನ್ನ ಲೆಕ್ಕ. ತಮ್ಮ ಮೂರನೆಯ ಹಳ್ಳದಲ್ಲಿ ಬಿದ್ದು ಬಿದ್ದು ರಿಮೋಟನ್ನು ಗೋಡೆಗೆ ಎಸೆದ ದಿನವೂ ನಾನು ಬಾಯಿ ಬಿಡಲಿಲ್ಲ. ಎದ್ದು, ಬಿರುಕು ಬಿಟ್ಟ ಮೂಲೆಗೆ ಪ್ಲಾಸ್ಟರ್ ಸುತ್ತಿ, "ಇನ್ನೂ ಹನ್ನೊಂದು ನಿಮಿಷ ಇದೆ" ಎಂದು ಅವನ ಕೈಗೆ ಕೊಟ್ಟೆ.

ಮೂರನೆಯ ವಾರ ನಾನು ಪಕ್ಕದಲ್ಲಿ ಕೂರುವುದನ್ನು ಬಿಟ್ಟೆ. ಅವರಿಬ್ಬರಿಗೂ ರೂಢಿಯಾಗಿದೆ, ಆ ಅರ್ಧ ಗಂಟೆ ನನ್ನ ನಡಿಗೆಗೆ ಇರಲಿ ಎಂದು ಹಾಲಿನ ಡೈರಿಯವರೆಗೆ ಹೋಗಿ ಬರತೊಡಗಿದೆ. ಬಂದ ಮೇಲೆ ಟಿವಿಯಲ್ಲಿ ನಿಂತಿರುವ ಪಾಯಿಂಟು ನೋಡಿ ಹಾಳೆಗೆ ಬರೆಯುವುದು. ಆಶ್ಚರ್ಯ ಎಂದರೆ ಆ ವಾರದಿಂದಲೇ ಸಂಖ್ಯೆ ಏರತೊಡಗಿತು. ಎರಡನೆಯ ಹಂತ. ಮೂರನೆಯ ಹಂತ. ಆಷಾಢ ಮುಗಿಯುವಷ್ಟರಲ್ಲಿ ನಾಲ್ಕನೆಯದು. ತಮ್ಮ ನಗುತ್ತಿದ್ದ. ಊಟ ಸೇರುತ್ತಿತ್ತು. ಸಂಜೆ ಬಾಗಿಲಲ್ಲಿ ಕೂತು ಹೋಗಿ ಬರುವವರಿಗೆಲ್ಲ ಬಂಡೆ ಹೇಗೆ ಎಗರಬೇಕು ಎಂದು ವಿವರಿಸುತ್ತಿದ್ದ. ನಾನು ಹಾಳೆಯ ಮೇಲೆ ಗೆರೆ ಎಳೆದು ಏರುವುದನ್ನು ತೋರಿಸಿದೆ. ಡಾಕ್ಟರಮ್ಮನಿಗೆ ತೋರಿಸಲು ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡೂ ಹೋದೆ. ಅವರು ಹಾಳೆ ನೋಡಿದರು, ತಮ್ಮನ ಹೆಬ್ಬೆರಳನ್ನು ಹಿಡಿದು ನೋಡಿದರು, ಮತ್ತೆ ಹಾಳೆ ನೋಡಿದರು. "ಒಳ್ಳೇದು, ಮುಂದುವರಿಸಿ" ಎಂದರು. ಅವರ ದನಿಯಲ್ಲಿ ಏನೋ ಅನುಮಾನ ಇತ್ತು. ತಮ್ಮ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದ. ಸುಸ್ತಾಗಿದ್ದಾನೆ ಎಂದುಕೊಂಡೆ.

ಶ್ರಾವಣದ ಒಂದು ಸಂಜೆ ಡೈರಿಯ ದಾರಿಯಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ವಾಪಸು ಬಂದೆ. ಅದಕ್ಕೇ ಅವರಿಗೆ ಸಪ್ಪಳ ಕೇಳಿಸಲಿಲ್ಲ. ಕಿಟಕಿಯಿಂದ ಒಳಗೆ ಕಂಡಿತು.

ಇಬ್ಬರೂ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ರಿಮೋಟು ಇಬ್ಬರ ನಡುವೆ. ಅದರ ಎಡಗಡೆ ತಮ್ಮನ ಎಡಗೈ. ಬಲಗಡೆ ಭಾಯಿಯ ಬಲಗೈ. ತಮ್ಮ ನಡೆಸುತ್ತಿದ್ದ, ಭಾಯಿ ಎಗರಿಸುತ್ತಿದ್ದರು. ತಮ್ಮನ ಬಲಗೈ ಅವನ ಮಡಿಲಲ್ಲಿ ಅಂಗಾತ ಮಲಗಿತ್ತು.

ನಾನು ತಕ್ಷಣ ಒಳಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವರು ಆಡುತ್ತಿದ್ದುದು ನೋಡಲು ಚೆನ್ನಾಗಿತ್ತು. ಒಬ್ಬರಿಗೊಬ್ಬರು ಒಂದು ಮಾತೂ ಆಡುತ್ತಿರಲಿಲ್ಲ. ತಮ್ಮನ ಭುಜ ಚೂರು ಮುಂದೆ ಬಾಗಿದರೆ ಭಾಯಿಯ ಹೆಬ್ಬೆರಳು ಇಳಿಯುತ್ತಿತ್ತು. ಹಳ್ಳ, ಬಂಡೆ, ಹಲಗೆ, ಮತ್ತೆ ಹಳ್ಳ. ತಲೆಗೂದಲು ನರೆತ ಇಬ್ಬರು ಗಂಡಸರು ಒಂದೇ ಪ್ರಾಣಿಯ ಹಾಗೆ ಓಡುತ್ತಿದ್ದರು.

ಆಮೇಲೆ ಡಾಕ್ಟರಮ್ಮನಿಗೆ ತೋರಿಸಿದ ಹಾಳೆ ನೆನಪಾಯಿತು. ಒಳಗೆ ಹೋಗಿ ಟಿವಿಯ ಸ್ವಿಚ್ ಆರಿಸಿದೆ.

"ಎಷ್ಟು ದಿನದಿಂದ?" ಎಂದೆ.

ಭಾಯಿಯೇ ಹೇಳಿದರು. "ಸಿಸ್ಟರಮ್ಮ, ನೀವು ವಾಕಿಂಗ್ ಹೋಗಕ್ಕೆ ಶುರು ಮಾಡಿದ್ರಲ್ಲ, ಆವತ್ತಿಂದ."

"ನನ್ನ ಕೈಯಿಂದ ಸುಳ್ಳು ಬರೆಸಿದ್ರಲ್ಲ ಭಾಯಿ. ಅದನ್ನು ಡಾಕ್ಟರಿಗೆ ಬೇರೆ ತೋರಿಸಿಬಂದೆ."

"ಸುಳ್ಳು ಅಂತ ನಮ್ಗೆ ಅನ್ನಿಸ್ಲಿಲ್ಲ ತಾಯಿ," ಎಂದರು ಅವರು. ನಿಜವಾಗಿಯೂ ಅವರ ಮುಖದಲ್ಲಿ ಗೊಂದಲವೇ ಇತ್ತು. "ನಾವಿಬ್ರೂ ಒಬ್ಬೊಬ್ರೇ ಯಾವಾಗ ಕೆಲ್ಸ ಮಾಡಿದೀವಿ ಹೇಳಿ? ಒಂದು ಚರಕಕ್ಕೆ ಇಬ್ರು. ಇದೂ ಒಂದೇ ರಿಮೋಟು. ಇಬ್ರೂ ಕೂತ್ವಿ. ಆಟ ಸಲೀಸಾಗಿ ಬಂತು. ಅಣ್ಣ ನಕ್ಕ. ನಾನೂ ಬಿಟ್ಬಿಟ್ಟೆ."

"ನಗು ಬಂದರೆ ಸಾಲದು ಭಾಯಿ. ಹೆಬ್ಬೆರಳು ಬರಬೇಕು. ದೀಪಾವಳಿಗೆ ಬಾಣಲೆ ಮುಂದೆ ಕೂತಿರೋ ಆಕೆಗೆ ಏನು ಹೇಳ್ತೀರಿ?"

ಇಷ್ಟು ತಿಂಗಳಲ್ಲಿ ಆ ಮಾತನ್ನು ಮನೆಯಲ್ಲಿ ಮೊದಲ ಸಲ ಆಡಿದವಳು ನಾನು. ಭಾಯಿ ತಲೆ ತಗ್ಗಿಸಿದರು. ತಮ್ಮ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಅಡಿಗೆಮನೆಯಲ್ಲಿ ಅವನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. "ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತಕ್ಕಾ," ಎಂದಳು, ತಲೆ ಎತ್ತದೆ. "ಯುಗಾದಿಯಿಂದ ಈ ಮನೇಲಿ ಆ ಮನುಷ್ಯ ನಕ್ಕಿರ್ಲಿಲ್ಲ. ನಗ್ಲಿ ಅಂತ ಸುಮ್ನಿದ್ದೆ."

ನಾಲ್ಕು ದಿನ ಆಟ ನಿಂತಿತು. ಗೋಡೆಯ ಮೇಲಿನ ಹಾಳೆಯನ್ನು ನಾನೇ ಕಿತ್ತೆ. ನಾಲ್ಕು ಗಂಟೆಯಾದರೆ ನನಗೇ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಯೋಚಿಸಿದ್ದು ಅವರ ಮೋಸವನ್ನಲ್ಲ. ವಾರ್ಡಿನಲ್ಲಿ ಹೊಸ ಹುಡುಗಿಯರು ಟ್ರೇ ಕೆಡಿಸಿದಾಗ ನಾನು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದೆ, ನಿಜ. ಆದರೆ ಎರಡು ಸಲ ಕೆಟ್ಟಮೇಲೆ ಮೂರನೆಯ ಸಲ ಪಕ್ಕದಲ್ಲಿ ನಿಂತು ಚಿಮಟ ಹಿಡಿಯುವುದನ್ನು ಮಾತ್ರ ಕಲಿಸುತ್ತಿದ್ದೆ. ಅದನ್ನು ನನ್ನ ತಮ್ಮನಿಗೆ ಏಕೆ ಮಾಡಲಿಲ್ಲ? ಪಟ್ಟಿಯಿಂದ ಬಿಟ್ಟ ಆ ಎರಡು ಸಾಲು ನನ್ನ ಹತ್ತಿರ ಇದ್ದವು. ನಾನೇ ಬಚ್ಚಿಟ್ಟಿದ್ದೆ.

ಐದನೆಯ ದಿನ ನಾಲ್ಕು ಗಂಟೆಗೆ ಭಾಯಿ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಸಿಸ್ಟರಮ್ಮ, ಒಂದು ಮಾತು. ಜಾಗ ಬದಲಾಯ್ಸಣ. ನಾನು ನಡೆಸ್ತೀನಿ. ಅಣ್ಣ ಎಗರಿಸ್ಲಿ. ಬಲಗೈಯಲ್ಲಿ. ನನ್ನ ಕೈ ಬಟನ್ನಿಗೆ ಹೋದ್ರೆ ನೀವು ಸೂಜಿ ಚುಚ್ಚಿ."

ಆ ಉಪಾಯ ಮೂವತ್ತು ವರ್ಷದ ನರ್ಸಿಗೆ ಹೊಳೆದಿರಲಿಲ್ಲ. "ಬನ್ನಿ ಒಳಗೆ," ಎಂದೆ. ತಮ್ಮನನ್ನು ಕರೆದೆ. ಅವನು ಬರಲಿಲ್ಲ. ಆಗ ಬಾಗಿಲಲ್ಲಿ ನಿಂತೇ ನನ್ನ ತಪ್ಪನ್ನೂ ಹೇಳಿದೆ: ಹಿಂದಿನ ಪುಟದಲ್ಲಿ ಈ ಆಟ ಇನ್ನೆರಡು ತರಹ ಇದೆ, ಒಂದರಲ್ಲಿ ಮೂವತ್ತು ಜೀವ, ಒಂದರಲ್ಲಿ ಶುರುವೇ ಎರಡನೆಯ ಹಂತದಿಂದ, ಮೊದಲ ದಿನದಿಂದ ನನಗೆ ಗೊತ್ತಿತ್ತು.

ಒಳಗಿನಿಂದ ಮಂಚ ಕಿರುಗುಟ್ಟಿತು. ತಮ್ಮ ಬಂದ.

"ಮೊದ್ಲ ದಿನದಿಂದ?"

"ಮೊದಲ ದಿನದಿಂದ."

"ನಾನು ಆ ಮೂರನೇ ಹಳ್ಳದಾಗೆ ಇನ್ನೂರು ಸಲ ಬಿದ್ದೆ ಕಣಕ್ಕಾ!"

"ಇನ್ನೂರ ಹದಿನಾಲ್ಕು," ಎಂದೆ. ಬರೆದಿಟ್ಟಿದ್ದೆ.

ಅವನು ನನ್ನನ್ನು ನೋಡಿದ. ಭಾಯಿ ಅವನನ್ನು ನೋಡಿದರು. ಮೊದಲು ನಕ್ಕವನು ಅವನೇ. "ನಾವು ಕಳ್ಳರು, ನೀನು ದೊಡ್ಡ ಕಳ್ಳಿ. ಸರಿ, ಹಾಕು ಅದನ್ನ."

"ಮೂವತ್ತು ಜೀವದ್ದಾ?"

"ಥೂ, ಅದು ಬ್ಯಾಡ. ಮೂವತ್ತು ಜೀವ ಇದ್ರೆ ಯಾವನು ಹುಷಾರಾಗಿ ಎಗರ್ತಾನೆ? ಬೀಳ್ಲಿ ಬಿಡು ಅಂತ ಬೀಳ್ತಾನೆ. ಎರಡ್ನೇದರಿಂದ ಶುರು ಆಗೋದು ಹಾಕು. ಬೀಳ್ತೀನಿ, ಅದೇನು ಪರವಾಗಿಲ್ಲ. ಬಂದಿದ್ದ ದಾರೀನೇ ಮತ್ತೆ ನಡಿ ಅನ್ಬಾರ್ದು, ಅಷ್ಟೇಯ."

ಅವತ್ತಿನಿಂದ ಆಟದ ರೀತಿಯೇ ಬೇರೆಯಾಯಿತು. ಭಾಯಿ ಎಡಗೈಯಿಂದ ಆ ಪುಟ್ಟ ಮನುಷ್ಯನನ್ನು ಹಳ್ಳದ ಅಂಚಿಗೆ ತಂದು ನಿಲ್ಲಿಸುತ್ತಿದ್ದರು.

"ಅಣ್ಣಾ, ರೆಡಿನಾ?"

"ಇರು."

"ಇದೀನಿ."

"ಇರಯ್ಯ, ಬೆರಳು ಇನ್ನೂ ಬಸ್ ಸ್ಟ್ಯಾಂಡಲ್ಲೈತೆ."

"ಬರ್ಲಿ ಬಿಡು, ಯಾವ ಬಸ್ಸು?"

"ಚಿಂತಾಮಣಿ ಬಸ್ಸು, ಲೇಟು… ಹೂಂ, ಬಂತು!" ಹೆಬ್ಬೆರಳು ಬಟನ್ನಿನ ಮೇಲೆ ಬೀಳುತ್ತಿತ್ತು. ಒತ್ತುವುದಲ್ಲ, ಬೀಳುವುದು. ಮನುಷ್ಯ ಎಗರುತ್ತಿದ್ದ.

ಬಂಡೆ ಉರುಳಿ ಬರುವ ಕಡೆ ಭಾಯಿ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು, ಬಂಡೆ ದಾಟಿ ಹೋದ ಮೇಲೆ ಮುಂದಕ್ಕೆ. ಆಟ ಮಾಡಿದವನು ಇಡದ ಸಲೀಸನ್ನು ಅವರು ಎಡಗೈಯಿಂದ ಮಾಡಿಕೊಟ್ಟರು. ತಮ್ಮನ ಕೈ ಎಷ್ಟು ನಿಧಾನವೋ ಆಟ ಅಷ್ಟೇ ನಿಧಾನ. ಕೈ ಚೂರು ಚುರುಕಾದ ದಿನ ಭಾಯಿ ಹೇಳದೆಯೇ ಹೆಜ್ಜೆ ಜೋರು ಮಾಡುತ್ತಿದ್ದರು. ತಮ್ಮನಿಗೆ ಅದು ಗೊತ್ತಾಗುತ್ತಿತ್ತೋ ಇಲ್ಲವೋ, ಪಕ್ಕದಲ್ಲಿ ಕೂತ ನನಗೆ ಗೊತ್ತಾಗುತ್ತಿತ್ತು. ನಡಿಗೆಯನ್ನು ನಾನು ಬೆಳಿಗ್ಗೆಗೆ ಬದಲಾಯಿಸಿಕೊಂಡಿದ್ದೆ.

ಉಳಿದ ಒಂದೇ ತೊಂದರೆ ಆ ಗಡಿಯಾರ. ಅಂಚಿನಲ್ಲಿ ನಿಂತು ಬೆರಳಿಗಾಗಿ ಕಾಯುವಷ್ಟರಲ್ಲಿ ಅದು ಸೊನ್ನೆಗೆ ಬಂದು, ಬೀಳದೆಯೂ ಜೀವ ಹೋಗುತ್ತಿತ್ತು. ತಮ್ಮ ಮೂಲೆಯಲ್ಲಿ ಇಳಿಯುವ ಸಂಖ್ಯೆಯನ್ನು ನೋಡುತ್ತಾ ಆತುರಕ್ಕೆ ಬೀಳುತ್ತಿದ್ದ. ಆತುರಕ್ಕೆ ಅವನ ಕೈ ಬಿಗಿದುಕೊಂಡು ಬೆರಳುಗಳೆಲ್ಲ ಒಟ್ಟಿಗೆ ಮಡಚುತ್ತಿದ್ದವು. ಜೀವಮಾನವಿಡೀ ಕೈಗಡಿಯಾರ ನೋಡಿ ನಾಡಿ ಎಣಿಸಿದವಳಿಗೆ ಗಡಿಯಾರದ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಎದ್ದು ಹೋಗಿ, ನನ್ನ ಪೆಟ್ಟಿಗೆಯಿಂದ ಪ್ಲಾಸ್ಟರ್ ತಂದು, ಒಂದು ತುಂಡು ಕತ್ತರಿಸಿ ಟಿವಿಯ ಗಾಜಿನ ಮೇಲೆ ಆ ಮೂಲೆಗೆ ಸರಿಯಾಗಿ ಅಂಟಿಸಿದೆ.

"ನೋಡಯ್ಯ," ಎಂದ ತಮ್ಮ ಭಾಯಿಗೆ. "ನಮ್ಮಕ್ಕ ಟೈಮಿಗೇ ಬ್ಯಾಂಡೇಜ್ ಹಾಕ್ಬಿಟ್ಟಳು!"

ಗಡಿಯಾರ ಒಳಗೆ ಇಳಿಯುತ್ತಲೇ ಇತ್ತು, ಜೀವ ಹೋಗುತ್ತಲೂ ಇತ್ತು. ಆದರೆ ಅದು ಹೋಗುವವರೆಗೆ ಅವನ ಕೈ ಬಿಗಿಯುತ್ತಿರಲಿಲ್ಲ. ಆಮೇಲೆ ದಿನ ಕಳೆದಂತೆ ಗಡಿಯಾರ ಮುಗಿಯುವ ಮೊದಲೇ ಹಂತ ಮುಗಿಯತೊಡಗಿತು. ಸುದ್ದಿ ವಾಚಕರ ಕಿವಿಯ ಮೇಲೆ ಬಿಳಿ ತುಂಡು ಕಾಣುತ್ತದೆ ಎಂದು ತಮ್ಮನ ಹೆಂಡತಿ ಗೊಣಗಿದಳು. ಯಾರೂ ಅದನ್ನು ಕೀಳಲಿಲ್ಲ.

ಗಣೇಶನ ಹಬ್ಬದ ಹೊತ್ತಿಗೆ ಹೆಬ್ಬೆರಳು ಬೀಳುವುದು ಬಿಟ್ಟು ಒತ್ತತೊಡಗಿತು. ಮಹಾನವಮಿಗೆ ಎರಡು ಬಟನ್ನನ್ನೂ ಒಂದಾದ ಮೇಲೊಂದು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಹಾಳೆ ಎಲ್ಲಿ ಎಂದು ಕೇಳಲಿಲ್ಲ. ಅವನ ಹೆಬ್ಬೆರಳು ತೋರುಬೆರಳ ನಡುವೆ ಒಂದು ಪೆನ್ನು ಇಟ್ಟು ಎಳೆದರು. ಪೆನ್ನು ಬರಲಿಲ್ಲ. ಅವರು ಇನ್ನೊಮ್ಮೆ ಎಳೆದರು. ತಮ್ಮ, "ಡಾಕ್ಟರಮ್ಮ, ಕೇಳಿದ್ರೆ ಕೊಡ್ತೀನಿ, ಕಿತ್ಕೊಂಡ್ರೆ ಕೊಡಲ್ಲ" ಎಂದ. ಅವರು ನಕ್ಕು, ಇನ್ನು ಮೇಲೆ ಸಾಸಿವೆ ಆರಿಸಲು ಕೊಡಿ ಎಂದು ಬರೆದರು.

ದೀಪಾವಳಿಗೆ ಒಂದು ವಾರ ಉಳಿದಿತ್ತು. ಭಾಯಿ ಆ ವಿಷಯ ಎತ್ತುತ್ತಿರಲಿಲ್ಲ. ಮೂರನೇ ಬೀದಿಯ ಆ ಹೆಂಗಸೂ ಎರಡು ಸಲ ಮನೆಯ ಮುಂದೆ ಹಾದುಹೋದಳು, ತಮ್ಮನ ಕೈ ಕಡೆ ನೋಡಿ, ಏನೂ ಕೇಳದೆ ಹೋದಳು. ಸೋಮವಾರ ಬೆಳಿಗ್ಗೆ ಏಳಕ್ಕೆ ನನ್ನ ತಮ್ಮ ಹಳೆಯ ಪಂಚೆಯನ್ನು ಮೇಲೆ ಕಟ್ಟಿ, ಶೆಡ್ಡಿಗೆ ಹೋಗುವ ಅಂಗಿ ಹಾಕಿಕೊಂಡು ನಿಂತ. ನಾನು ಚಪ್ಪಲಿ ಮೆಟ್ಟಿದೆ.

"ನೀನು ಬರ್ಬೇಡ ಅಕ್ಕಾ."

"ಬಾಗಿಲ ಹತ್ತಿರ ನಿಲ್ತೀನಿ."

"ಬಾಗಿಲ ಹತ್ರಾನೂ ಬ್ಯಾಡ. ನೀನು ನೋಡ್ತಾ ಇದ್ರೆ ನನ್ ಬೆರಳು ನಿನ್ ಕಡೆ ನೋಡುತ್ತೆ."

ಚಪ್ಪಲಿ ಬಿಟ್ಟೆ. ಅವನು ಹೋದ. ನಾನು ಮನೆಯಲ್ಲಿ ಮಾಡುವ ಕೆಲಸವನ್ನೆಲ್ಲ ಮಾಡಿ ಮುಗಿಸಿದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಭಾಯಿಯ ಚಕ್ರದ ಸಪ್ಪಳ ಬೀದಿಗೆ ಕೇಳಿಸುವುದಿಲ್ಲ. ಆದರೂ ಎರಡು ಸಲ ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ.

ಹನ್ನೊಂದೂವರೆಗೆ ಇಬ್ಬರೂ ಬಂದರು. ತಮ್ಮನ ಮೈಯಿಂದ ಬೆಂದ ಹುಳದ ವಾಸನೆ ಬರುತ್ತಿತ್ತು. ಶಿಡ್ಲಘಟ್ಟದ ಮನೆಗಳಲ್ಲಿ ಆ ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ. ಹೇಗಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಇಬ್ಬರೂ ಸೇರಿ ಚೆನ್ನಾಗಿ ಆಯಿತು ಎನ್ನುತ್ತಾರೆ ಎಂದು ಗೊತ್ತಿತ್ತು. ನನಗೆ ಹಿಂದಿನ ಅನುಭವ ಇತ್ತು.

"ಕೈ ತೋರಿಸು," ಎಂದೆ. "ಎರಡೂ."

ಚಾಚಿದ. ಎರಡೂ ಕೈ ಬೆರಳು ಬಿಸಿನೀರಿಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ನೀರಿನಲ್ಲಿ ಸುಮ್ಮನೆ ಇಟ್ಟುಕೊಂಡಿದ್ದರೂ ಸುಕ್ಕಾಗುತ್ತದೆ. ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಕ ಹಾಕಿಕೊಂಡೆ. ತೋರುಬೆರಳಿನ ಒಳಬದಿಯಲ್ಲಿ, ಹೆಬ್ಬೆರಳು ತಾಗುವ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಕೆಂಪು ಗೀರುಗಳು. ಒಂದರ ಪಕ್ಕ ಒಂದು. ಓಡುವ ನೂಲು ಉಜ್ಜಿದ ಗುರುತು. ಅದನ್ನು ಬೇರೆಯವರ ಕೈಯಿಂದ ಮಾಡಿಸಿಕೊಳ್ಳಲಾಗದು.

"ನೂಲು ಚೂರು ದಪ್ಪ ಬಂತು," ಎಂದರು ಭಾಯಿ ಹಿಂದಿನಿಂದ. "ಚಕ್ರ ನಾನು ಮೆಲ್ಲಗೆ ಬಿಟ್ಟೆ, ಅದೂ ನಿಜ. ಹತ್ತೂವರೆಗೆ ಅಣ್ಣಂಗೆ ಕೈ ಸೋತೋಯ್ತು, ಆಮೇಲೆ ಆಯಮ್ಮನೇ ಕೂತ್ಲು. ಬೆಳಗ್ಗೆ ಅಣ್ಣ, ಮಧ್ಯಾಹ್ನ ಆಕೆ. ಹಂಗೇ ಅಂತ ಹೇಳ್ಬಿಟ್ಟೆ ಆಕೆಗೆ. ಆಗ್ಲಿ ಅಂದ್ಲು."

ನಾನು ಗೀರುಗಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದೆ. ಮುದ್ದೆ, ಉಪ್ಸಾರು ಬಡಿಸಿದೆ. ತಮ್ಮ ತಟ್ಟೆಯ ಮುಂದೆ ಕೂತ. ಬಲಗೈ ಎತ್ತಲು ಹೋಗಿ, ಅದು ನಡುಗಿದ್ದನ್ನು ನೋಡಿ, ಎಡಗೈಯಲ್ಲಿ ಚಮಚ ಹಿಡಿದ. ಬೇರೆ ದಿನವಾಗಿದ್ದರೆ ಬಲಗೈಯಲ್ಲೇ ತಿನ್ನು ಎನ್ನುತ್ತಿದ್ದೆ. ಅವತ್ತು ಮುದ್ದೆಯನ್ನು ನಾನೇ ಸಣ್ಣಗೆ ಮುರಿದು ಅವನ ಚಮಚಕ್ಕೆ ಸಿಗುವ ಹಾಗೆ ಸಾರಿನಲ್ಲಿ ಹಾಕಿ, ಭಾಯಿಗೆ ಇನ್ನೊಂದು ತಟ್ಟೆ ತರಲು ಒಳಗೆ ಹೋದೆ.